ಬೆನ್ನ ಹಿಂದಿನ ಕಿಟಕಿ

ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಹೊರಗೆ ಬರುವಷ್ಟರಲ್ಲಿ, ಅರವತ್ತೊಂದು ವರ್ಷ ಜೋಪಾನ ಮಾಡಿಕೊಂಡು ಬಂದ ಮರ್ಯಾದೆ ಒಂದಿಷ್ಟು ಚೆಲ್ಲಿಹೋಯಿತೆಂದು ಕದಿರಪ್ಪನಿಗೆ ಅನ್ನಿಸಿತು. ತಪ್ಪು ತನ್ನದೇ. ಬಾಯಿ ಬಿಡಬಾರದಿತ್ತು. ಸಾಲಿನಲ್ಲಿ ನಿಂತ ಹೆಂಗಸರೆಲ್ಲ ಮುಖ ಇಳಿಬಿಟ್ಟುಕೊಂಡಿದ್ದರು. ಹನ್ನೊಂದು ವರ್ಷ ಸಂಜೆ ಏಳೂವರೆಗೆ ಟೀವಿಯಲ್ಲಿ ಬರುತ್ತಿದ್ದ ‘ಒಂಬತ್ತು ಕಂಬದ ಮನೆ’ಯನ್ನು ಚಾನೆಲ್ಲಿನವರು ದಿಢೀರನೆ ನಿಲ್ಲಿಸುತ್ತಿದ್ದರು, ಇವತ್ತೇ ಕೊನೆ. ನೋಡುವವರು ಕಡಿಮೆಯಾದರಂತೆ. ಬೈರಕೂರಿನಲ್ಲಿ ಯಾರು ಕಡಿಮೆಯಾಗಿದ್ದರು, ಯಾವನು ಬಂದು ನೋಡಿಕೊಂಡು ಹೋದ ಎಂದು ಹೆಂಗಸರು ಚಾನೆಲ್ಲಿನವರ ವಂಶವನ್ನೆಲ್ಲ ಎತ್ತಿ ಆಡುತ್ತಿದ್ದರು. ಹಾಲಿನ ಡಿಗ್ರಿ ನೋಡುವ ಸುರೇಶನಿಗೆ ಅದು ತಮಾಷೆ. “ಆ ಶ್ರೀವಾಣಿ ಮೂರನೇ ಸಲ ಗಂಡನ ಮನೆ ಬಿಟ್ಟು ಹೋದಾಗಲೇ ಮುಗಿಸ್ಬೇಕಿತ್ತು ಬಿಡ್ರಮ್ಮ, ಇನ್ನೆಷ್ಟು ಎಳೀತಾರೆ” ಅಂದ. ಕದಿರಪ್ಪ ಕ್ಯಾನಿನ ಮುಚ್ಚಳ ತೆಗೆಯುತ್ತಾ, ತಾನು ಮಾತಾಡುತ್ತಿದ್ದೇನೆ ಎಂಬ ಅರಿವೇ ಇಲ್ಲದೆ, “ಮೂರು ಸಲ ಎಲ್ಲೋ ಬಿಟ್ಲು? ಎರಡೇ ಸಲ. ಮೊದಲ್ನೇದು ಅವಳು ಬಿಟ್ಟಿದ್ದಲ್ಲ, ಅತ್ತೆ ಆಚೆಗೆ ಹಾಕಿದ್ದು” ಎಂದುಬಿಟ್ಟ. ಸಾಲೆಲ್ಲ ಅವನತ್ತ ತಿರುಗಿತು. ಆಮೇಲೆ ಸುರೇಶ, “ಏನಣ್ಣೋ, ನೀನೂ ಇದೇ ಪಾರ್ಟೀನಾ?” ಎಂದು ಕಣ್ಣು ಅರಳಿಸಿದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. “ನಾನ್ಯಾಕ್ಲಾ ನೋಡ್ಲಿ ಆ ಹಾಳು ಡಬ್ಬಾನ? ಮನೆ ಅಂದ್ಮೇಲೆ ಕಿವಿಗೆ ಬೀಳ್ತದೆ” ಅಂದವನೇ ಚೀಟಿಯನ್ನೂ ಇಸಿದುಕೊಳ್ಳದೆ ಹೊರಟುಬಂದ.

ಕಿವಿಗೆ ಬೀಳ್ತದೆ ಅಂದದ್ದು ಸುಳ್ಳಲ್ಲ. ಹನ್ನೊಂದು ವರ್ಷದಲ್ಲಿ ಅವನು ಶ್ರೀವಾಣಿಯ ಮುಖವನ್ನು ಒಂದು ದಿನವೂ ಟೀವಿಯಲ್ಲಿ ನೋಡಿರಲಿಲ್ಲ. ಅವಳ ದನಿ ಗೊತ್ತು. ಸಿಟ್ಟು ಬಂದಾಗ ಅದು ಏರುವುದಿಲ್ಲ, ಇಳಿಯುತ್ತದೆ ಎಂಬುದು ಗೊತ್ತು. ಅವಳ ಗಂಡ ಚೈತನ್ಯ ಸುಳ್ಳು ಹೇಳುವ ಮೊದಲು ಗಂಟಲು ಸರಿ ಮಾಡಿಕೊಳ್ಳುತ್ತಾನೆ ಎಂಬುದೂ ಗೊತ್ತು. ಮುಖಗಳನ್ನು ಮಾತ್ರ ಅವನೇ ಕೊಟ್ಟುಕೊಂಡಿದ್ದ. ಅವನ ಶ್ರೀವಾಣಿ ಎತ್ತರದ ಹೆಂಗಸು, ಎಣ್ಣೆಗಪ್ಪು ಬಣ್ಣ, ತಲೆ ಎತ್ತಿಯೇ ನಡೆಯುವವಳು. ಒಂದು ಸಲ ಮುಳಬಾಗಿಲು ಬಸ್‌ಸ್ಟ್ಯಾಂಡಿನಲ್ಲಿ ಸೀರೆ ಅಂಗಡಿಯ ಫ್ಲೆಕ್ಸ್ ತೋರಿಸಿ ಯಾರೋ ‘ನೋಡ್ರೋ ಶ್ರೀವಾಣಿ’ ಅಂದಾಗ ತಲೆ ಎತ್ತಿ ನೋಡಿದ್ದ. ಬಿಳುಚಿಕೊಂಡ ಒಂದು ಸಣ್ಣ ಹುಡುಗಿ ಹಲ್ಲು ಬಿಡುತ್ತಾ ನಿಂತಿತ್ತು. ಅವನಿಗೆ ಮೋಸಹೋದಂಥ ಸಿಟ್ಟು ಬಂತು. ಇವಳೆಲ್ಲಿಂದ ಬಂದಳು, ಒಂಬತ್ತು ಕಂಬದ ಮನೆಯ ಭಾರ ಹೊತ್ತವಳು ಇವಳಾಗಲು ಸಾಧ್ಯವೇ ಇಲ್ಲ ಎಂದು ಅಲ್ಲೇ ತೀರ್ಮಾನ ಮಾಡಿ ಬಸ್ ಹತ್ತಿದ್ದ.

ಅವನು ಟೀವಿ ನೋಡದೆ ಇದ್ದದ್ದಕ್ಕೆ ಕಾರಣ ಭಾರತಮ್ಮ, ತಮ್ಮ ಗಂಗುಲಪ್ಪನ ಹೆಂಡತಿ. ಅವರ ಕಡೆಯ ರಿವಾಜಿನಲ್ಲಿ ತಮ್ಮನ ಹೆಂಡತಿ ಭಾವನ ಎದುರು ಕೂರುವ ಹಾಗಿಲ್ಲ, ಮುಖ ಕೊಟ್ಟು ಮಾತಾಡುವ ಹಾಗಿಲ್ಲ. ಈಗ ಎಷ್ಟೋ ಮನೆಗಳಲ್ಲಿ ಅದೆಲ್ಲ ಹೋಗಿದೆ, ಭಾವ, ತಮ್ಮನ ಹೆಂಡತಿ ಒಂದೇ ಸೋಫಾದ ಮೇಲೆ ಕೂತು ಕಾಫಿ ಕುಡಿಯುತ್ತಾರೆ. ಕದಿರಪ್ಪನ ಮನೆಯಲ್ಲಿ ಹೋಗಿರಲಿಲ್ಲ. ಭಾರತಮ್ಮ ಈ ಮನೆಗೆ ಬಂದು ಇಪ್ಪತ್ತನಾಲ್ಕು ವರ್ಷ. ಅವನಿಗೆ ಏನಾದರೂ ತಿಳಿಸಬೇಕಾದರೆ ಗೋಡೆಗೆ ಹೇಳುತ್ತಾಳೆ, ಕೊಟ್ಟಿಗೆಯ ಕರುವಿಗೆ ಹೇಳುತ್ತಾಳೆ. “ಮುದ್ದೆ ಇಟ್ಟೈತೆ, ಆರೋಗ್ತದೆ ಅಂತ ಹೇಳೋ ನಿಮ್ಮ ಯಜಮಾನ್ರಿಗೆ” ಎಂದು ಕರುವಿನ ಬೆನ್ನು ತಟ್ಟಿ ಒಳಗೆ ಹೋಗುತ್ತಾಳೆ. ಅವನೂ ಬಾಗಿಲಲ್ಲಿ ಕೆಮ್ಮದೆ ಒಳಗೆ ಕಾಲಿಟ್ಟವನಲ್ಲ. ಬೈರಕೂರಿನಲ್ಲಿ ಅಣ್ಣತಮ್ಮಂದಿರು ಪಾಲಾಗದೆ ಒಂದೇ ಒಲೆಯಲ್ಲಿ ಉಣ್ಣುವ ಮನೆ ಯಾವುದು ಎಂದರೆ ಜನ ಈ ಮನೆಯತ್ತ ಕೈ ತೋರಿಸುತ್ತಿದ್ದರು, ಪಂಚಾಯ್ತಿಗೆ ಅವನನ್ನು ಕರೆಯುತ್ತಿದ್ದುದೂ ಅದಕ್ಕೇ. ಅವನ ಹೆಂಡತಿ ತೀರಿಕೊಂಡ ವರ್ಷವೇ ಗಂಗುಲಪ್ಪ ದೊಡ್ಡ ಟೀವಿ ತಂದ. ಮನೆಯಲ್ಲಿ ದನಿಯೇ ಇಲ್ಲದ ಆ ದಿನಗಳಲ್ಲಿ ಏನೋ ಸದ್ದು ಅಂತ ಕದಿರಪ್ಪ ಮೊದಲ ಸಂಜೆ ನಡುಮನೆಗೆ ಹೋಗಿ ಕುರ್ಚಿಯಲ್ಲಿ ಕೂತ. ನೆಲದ ಮೇಲೆ ಕೂತು ಯಾವುದೋ ಹಳೇ ಸಿನಿಮಾ ನೋಡುತ್ತಿದ್ದ ಭಾರತಮ್ಮ ಎದ್ದು ಅಡುಗೆಮನೆಯ ಬಾಗಿಲ ಹಿಂದೆ ಹೋಗಿ ನಿಂತಳು, ಮುಗಿಯುವ ತನಕ ಅಲ್ಲಿಂದ ಅಲ್ಲಾಡಲಿಲ್ಲ. ಮಾರನೇ ದಿನ ಅವನು ಚಾಪೆ ತೆಗೆದುಕೊಂಡು ಹೋಗಿ ಜಗಲಿಯ ಮೇಲೆ, ಕಿಟಕಿಗೆ ಬೆನ್ನು ಕೊಟ್ಟು ಕೂತ. ನನಗೆ ಆ ಡಬ್ಬಾ ಸೇರಲ್ಲ ಅಂದ. ಮನೆಯ ಯಜಮಾನ ನಡುಮನೆಯನ್ನೇ ಬಿಟ್ಟುಕೊಟ್ಟ, ಅದು ಅವಳಿಗೆ ಗೊತ್ತೂ ಆಗದ ಹಾಗೆ ಬಿಟ್ಟುಕೊಟ್ಟ ಎಂದು ಅವನಿಗೆ ಒಳಗೊಳಗೇ ಹೆಮ್ಮೆ. ಆ ಹೆಮ್ಮೆಯ ಮೇಲೇ ಹನ್ನೊಂದು ವರ್ಷ ಕೂತಿದ್ದ.

ಹತ್ತು ಗಂಟೆಯ ಹೊತ್ತಿಗೆ ಮೇಲಿನ ಬೀದಿಯ ದೊಡ್ಡಗಂಗಮ್ಮ ಬಂದು ಜಗಲಿಯ ಕೆಳಗೆ ನಿಂತಳು. ಎಪ್ಪತ್ತು ದಾಟಿದ ಮುದುಕಿ, ಊರಿನ ಯಾವ ಹೆಣ್ಣುಮಗುವಿನ ಮದುವೆಯೂ ಅವಳಿಲ್ಲದೆ ನಡೆದಿರಲಿಲ್ಲ. ತಾನೇ ಯಜಮಾನನ ಹತ್ತಿರ ಮಾತಾಡುತ್ತೇನೆಂದು ಉಳಿದವರನ್ನು ಬೇವಿನ ಮರದ ಹತ್ತಿರವೇ ನಿಲ್ಲಿಸಿ ಬಂದಿದ್ದಳು. “ಕದಿರಪ್ಪಾ, ಸಾಯಂಕಾಲ ನಾವೆಲ್ಲ ನಿಮ್ಮನೆಗೇ ಬರ್ತೀವಿ. ನಿಮ್ದೇ ದೊಡ್ಡ ಟೀವಿ. ಆ ಮಗಳಿಗೆ ಮಡಿಲು ತುಂಬಬೇಕು” ಅಂದಳು. ಯಾವ ಮಗಳು ಎಂದು ಕೇಳುವಷ್ಟು ದಡ್ಡ ಅವನಲ್ಲ, ಆದರೂ ಕೇಳಿದ. “ಶ್ರೀವಾಣಿ ಕಣಪ್ಪ, ಇನ್ಯಾರು? ಹನ್ನೊಂದು ವರ್ಷ ದಿನಾ ನಮ್ಮನೆಗೆ ಬಂದು ಹೋದವ್ಳು. ಅಳ್ತಾ ಕೂರೋಕೆ ಏನು ಸಾವಾ ಇದು? ಹೆಣ್ಣುಮಗಳು ಹೊರಟು ನಿಂತವ್ಳೆ. ಬರೀ ಮಡಿಲಲ್ಲಿ ಕಳಿಸಿದ್ರು ಬೈರಕೂರಿನವ್ರು ಅಂತ ಅನ್ನಿಸ್ಕೋಬೇಕಾ?” ಅವಳ ದನಿಯಲ್ಲಿ ಅಳು ಇರಲಿಲ್ಲ, ಬೀಗರ ಎದುರು ಮಾತಾಡುವ ಗತ್ತಿತ್ತು. ಟೀವಿಗೆ ಅಕ್ಕಿ, ಕೊಬ್ಬರಿ, ರವಿಕೆ ಕಣ ಇಡುವುದು ಎಂದರೆ ಸುರೇಶ ಇನ್ನೊಂದು ವರ್ಷ ಆಡಿಕೊಳ್ಳುತ್ತಾನೆ ಎಂದು ಕದಿರಪ್ಪನಿಗೆ ಹೊಳೆಯಿತು. ಅದರ ಹಿಂದೆಯೇ, ಆಡಿಕೊಳ್ಳಲಿ ಬಿಡು, ಇವರು ಮಾಡುತ್ತಿರುವುದು ಸರಿ ಎಂದೂ ಹೊಳೆಯಿತು, ಎದೆ ತುಂಬಿಬಂತು. ಹೊರಗೆ ಮಾತ್ರ, “ಏನಾದ್ರೂ ಮಾಡ್ಕೊಳ್ಳಿ. ತೆಂಗಿನಕಾಯಿ ಒಳಗೈತೆ, ಇಸ್ಕೊಳ್ಳಿ” ಎಂದು ಗೊಣಗಿ ಹುಳದ ಮನೆಯ ಕಡೆ ನಡೆದ.

ಹುಳದ ಮನೆಯಲ್ಲೂ ಕೆಲಸವಿರಲಿಲ್ಲ. ರೇಷ್ಮೆಹುಳ ಪೊರೆ ಕಳಚುವ ಮೂರನೇ ಜ್ವರಕ್ಕೆ ಕೂತಿದ್ದವು. ಜ್ವರದಲ್ಲಿ ಹುಳ ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿ ಹಾಗೇ ಇರುತ್ತವೆ, ಮನುಷ್ಯ ಸದ್ದು ಮಾಡದೆ ಬಾಗಿಲು ಎಳೆದುಕೊಂಡು ಬರಬೇಕು. ಬೇರೆ ದಿನಗಳಲ್ಲಿ ಏಳೂವರೆಗೆ ಸರಿಯಾಗಿ ಒಂದು ಮಂಕರಿ ಹಿಪ್ಪುನೇರಳೆ ಸೊಪ್ಪು ಜಗಲಿಗೆ ತಂದು ಸುರಿದುಕೊಂಡು, ಕಡ್ಡಿ ಬೇರೆ ಎಲೆ ಬೇರೆ ಮಾಡುತ್ತಾ ಕೂರುತ್ತಿದ್ದ; ಬೀದಿಯಲ್ಲಿ ಹೋಗುವವರ ಕಣ್ಣಿಗೆ ಕದಿರಪ್ಪ ಕೆಲಸ ಮಾಡುತ್ತಿದ್ದ. ಇವತ್ತು ಕೈಗೆ ಕೆಲಸವಿಲ್ಲದೆ ಹೇಗೆ ಕೂರುವುದು? ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತ. ನಾಲ್ಕು ವರ್ಷದ ಹಿಂದಿನ ಆ ಮಾತು ಬೇಡವೆಂದರೂ ನೆನಪಿಗೆ ಬಂತು. ಭಾರತಮ್ಮನಿಗೆ ಒಂದು ಚಾಳಿ. ಟೀವಿ ನೋಡುತ್ತಾ ಬಾಯಿ ಸುಮ್ಮನಿರುವುದಿಲ್ಲ, ‘ಕಾಗದ ತೆಗೆದ್ಲು ನೋಡು, ಅಯ್ಯೋ ಹರಿದೇ ಹಾಕಿದ್ಲು, ಚೈತನ್ಯ ಮೆಟ್ಲು ಮೇಲೆ ನಿಂತು ನೋಡ್ತಾ ಅವ್ನೆ’ ಎಂದು ಒಂದೇ ಸಮ ವದರುತ್ತಾಳೆ. ಪಕ್ಕದಲ್ಲಿ ಗಂಗುಲಪ್ಪ ತೂಕಡಿಸುತ್ತಿರುತ್ತಾನೆ, ಎಷ್ಟೋ ದಿನ ಬೇರೆ ಯಾರೂ ಇರುವುದಿಲ್ಲ. ಒಂದು ಸಂಜೆ ಬೀದಿಯಲ್ಲಿ ಹೋಗುತ್ತಿದ್ದವರು ಯಾರೋ ನಕ್ಕರು. ಕದಿರಪ್ಪನಿಗೆ ಮನೆಯ ಮರ್ಯಾದೆ ಹೋದಂತಾಯಿತು. ಮಾರನೇ ದಿನ ತೋಟದಲ್ಲಿ ತಮ್ಮನಿಗೆ, “ನಿನ್ನ ಹೆಂಡ್ತಿಗೆ ಸ್ವಲ್ಪ ಬಾಯಿ ಕಮ್ಮಿ ಮಾಡೋಕ್ ಹೇಳೋ. ಬೀದಿಗೆಲ್ಲ ಕೇಳ್ತದೆ” ಅಂದ. ಗಂಗುಲಪ್ಪ ಹೇಳಿದ್ದಿರಬೇಕು, ಹೇಗೆ ಹೇಳಿದನೋ. ನಾಲ್ಕು ದಿನ ಕಿಟಕಿಯ ಆಚೆ ಭಾರತಮ್ಮನ ದನಿಯೇ ಇಲ್ಲ. ಆ ನಾಲ್ಕು ದಿನ ಧಾರಾವಾಹಿಯೂ ಅವನಿಗೆ ದಕ್ಕಲಿಲ್ಲ, ಬರೀ ಪಿಟೀಲು, ತಬಲ, ಧಡ್ ಎಂದು ಬಾಗಿಲು, ಯಾರೋ ಬಿಕ್ಕಿದ್ದು. ಯಾರು ಬಂದರು, ಯಾರು ಹೋದರು? ಕಣ್ಣು ಕಟ್ಟಿ ಕಾಡಲ್ಲಿ ಬಿಟ್ಟ ಹಾಗಾಗಿತ್ತು, ಅನ್ನವೂ ಸೇರುತ್ತಿರಲಿಲ್ಲ. ಐದನೇ ದಿನ ಅವಳ ದನಿ ಮತ್ತೆ ಶುರುವಾಯಿತು, ಮೊದಲಿಗಿಂತ ತಗ್ಗಿ, ಆದರೆ ಮೊದಲಿಗಿಂತ ಹತ್ತಿರ. ಗಾಳಿಗೆ ಅಂತ ಕಿಟಕಿಯ ಬುಡಕ್ಕೇ ಬಂದು ಕೂತಿದ್ದಾಳೆ, ಎಷ್ಟು ಹೇಳಿದರೂ ಹುಟ್ಟುಗುಣ ಬಿಡಲಿಲ್ಲವಲ್ಲ ಎಂದುಕೊಂಡಿದ್ದ. ಆದರೂ ಅವತ್ತು ಎರಡು ತುತ್ತು ಹೆಚ್ಚಿಗೆ ಉಂಡಿದ್ದ. ಅದೇಕೆ ಎಂದು ತನ್ನನ್ನೇ ಕೇಳಿಕೊಂಡಿರಲಿಲ್ಲ, ಕೇಳಿಕೊಳ್ಳುವ ಅಭ್ಯಾಸ ಅವನಿಗೆ ಇರಲಿಲ್ಲ.

ಸಂಜೆ ಏಳಕ್ಕೆ ಹೆಂಗಸರು ಬರತೊಡಗಿದರು. ಒಬ್ಬೊಬ್ಬರೂ ತಲೆಗೆ ಹೂ ಮುಡಿದು, ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟು, ಅರಿಶಿನ ಕುಂಕುಮದ ತಟ್ಟೆ ಹಿಡಿದು ಅವನ ಮುಂದೆಯೇ ಹಾದು ಒಳಗೆ ಹೋದರು. ಆವನಿಯಿಂದ ತವರಿಗೆ ಬಂದಿದ್ದ ಗಂಗಾಲಕ್ಷ್ಮಿ ಕೂಡ ಬಂದಳು, ದೊಡ್ಡಗಂಗಮ್ಮನ ಮೊಮ್ಮಗಳು ಅವಳು, ಮದುವೆಗೆ ಮುಂಚೆ ಎಷ್ಟೋ ಸಂಜೆ ಇಲ್ಲೇ ಕೂತು ನೋಡಿದ್ದವಳು. ಕದಿರಪ್ಪ ಬಿಳೀ ಪಂಚೆಯುಟ್ಟು, ಬೆನ್ನು ನೆಟ್ಟಗೆ ಮಾಡಿ, ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದ. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲಿಟ್ಟುಕೊಂಡ. ಬೀದಿಯಲ್ಲಿ ಹಾದುಹೋದ ಒಬ್ಬಿಬ್ಬರು ತನ್ನನ್ನು ನೋಡಿ ನಕ್ಕಂತೆ ಕಂಡಿತು, ಸುರೇಶ ಊರೆಲ್ಲ ಹೇಳಿರುತ್ತಾನೆ. ಎದ್ದು ಹೋಗಿಬಿಡಲೇ ಎನ್ನಿಸಿತು. ಕಾಲು ಏಳಲಿಲ್ಲ. ಒಳಗೆ ದೊಡ್ಡಗಂಗಮ್ಮ ಟೀವಿಯ ಮುಂದೆ ಮಣೆ ಹಾಕಿಸಿ, ಮೊರದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ಹಸಿರು ರವಿಕೆ ಕಣ ಇಡಿಸುತ್ತಿದ್ದಳು. “ಐದು ಸೇರಿಗೆ ಕಮ್ಮಿ ಹಾಕ್ಬೇಡ್ರೇ, ದೊಡ್ಡ ಮನೆ ಸೊಸೆ ಅವ್ಳು.” ಯಾರೋ ಸೋಬಾನೆ ಎತ್ತಿದರು, ಎರಡು ಸಾಲಿಗೆ ನಿಲ್ಲಿಸಿದರು, ಇನ್ನೊಬ್ಬಳು ಮುಂದುವರಿಸಿದಳು. ಏಳೂವರೆಗೆ ಪರಿಚಿತ ಹಾಡು ಬಂತು. ಭಾರತಮ್ಮ ಸೌಂಡು ಜಾಸ್ತಿ ಮಾಡಿದಳು. ಗಂಗುಲಪ್ಪ ಎಂದಿನಂತೆ, “ಕಿವುಡಿ ಏನೇ ನೀನು?” ಅಂದ. ಅವಳು ಎಂದಿನಂತೆ ಕೇಳಿಸಿಕೊಳ್ಳಲಿಲ್ಲ.

ಮೊದಲ ಹತ್ತು ನಿಮಿಷ ಮಾತೇ ಮಾತು. ಚೈತನ್ಯ ಗಂಟಲು ಸರಿ ಮಾಡಿಕೊಂಡ. ಸುಳ್ಳು ಬಂತು ಎಂದುಕೊಂಡ ಕದಿರಪ್ಪ, ಬಂದೇಬಿಟ್ಟಿತು. ಮನೆ ಮಾರುವ ಕಾಗದಕ್ಕೆ ಅತ್ತೆ ರುಜು ಹಾಕಿಯಾಗಿತ್ತು. ಶ್ರೀವಾಣಿಯ ದನಿ ಇಳಿಯಿತು. “ಈ ಮನೆ ಕಂಬದ ಮೇಲೆ ನಿಂತಿತ್ತು ಅಂದ್ಕೊಂಡಿದ್ರಾ ಅತ್ತೆ?” ಎಂದು ಕೇಳಿದಳು, ಅಷ್ಟೇ. ಆಮೇಲೆ ಅವಳು ಮಾತಾಡಲಿಲ್ಲ. ಯಾರೂ ಮಾತಾಡಲಿಲ್ಲ. ಕೊಳಲು ಶುರುವಾಯಿತು. ಅವಸರದಲ್ಲಿ ಮುಗಿಸುವವರಿಗೆ ಮಾತು ಬರೆಯಲು ಪುರುಸೊತ್ತು ಇಲ್ಲದೆ ಹೋಯಿತೋ ಏನೋ, ಕೊನೆಯದನ್ನೆಲ್ಲ ಬರೀ ಸಂಗೀತಕ್ಕೆ ಬಿಟ್ಟಿದ್ದರು. ಕದಿರಪ್ಪ ಕತ್ತು ಸ್ವಲ್ಪ ಹಿಂದಕ್ಕೆ ವಾಲಿಸಿದ. ಕಿಟಕಿಯ ಬುಡದಿಂದ ಭಾರತಮ್ಮನ ದನಿ ಬಂತು. “ಸೊಂಟದಿಂದ ಬೀಗದ ಕೈ ಗೊಂಚಲು ತೆಗೆದ್ಲು. ಅತ್ತೆ ಮುಂದೆ ಇಟ್ಲು. ಅತ್ತೆ ಮುಟ್ತಾ ಇಲ್ಲ...”

“ಎವುರಿಕೇ ಚೆಪ್ತಾ ಉಂಡಾವು?” ದೊಡ್ಡಗಂಗಮ್ಮನಿಗೆ ಸಿಟ್ಟು ಬಂದರೆ ತೆಲುಗೇ ಮೊದಲು ಬರುವುದು. “ಯಾರಿಗೇ ಹೇಳ್ತಾ ಇದೀಯ? ನಮಗೂ ಕಣ್ಣೈತೆ. ಕೊನೇ ದಿನ ನೆಮ್ಮದಿಯಾಗಿ ನೋಡೋಕ್ ಬಿಡೇ.”

ಹೆಂಗಸರು ಕಣ್ಣೀರಿನ ನಡುವೆಯೇ ನಕ್ಕರು. “ಈ ಅಕ್ಕ ಮೊದಲಿಂದ್ಲೂ ಹಿಂಗೇ ಕಣಜ್ಜಿ” ಎಂದಳು ಗಂಗಾಲಕ್ಷ್ಮಿ. “ಅಲ್ಲಿ ಮಾತಾಡೋವಾಗ ಉಸಿರು ಬಿಡಲ್ಲ. ಅವ್ರು ಸುಮ್ಮನಾದ್ರೆ ಇವ್ರು ಶುರು. ಕುರುಡ್ರಿಗೆ ಹೇಳ್ದಂಗೆ.” ನಗು ಇನ್ನೂ ಜೋರಾಯಿತು. ಗಂಗುಲಪ್ಪನಿಗೆ ಅಷ್ಟು ಜನರ ಮುಂದೆ ಅವಮಾನವಾಗಿರಬೇಕು, “ಇವತ್ತೊಂದು ದಿನ ಆದ್ರೂ ಬಾಯಿ ಮುಚ್ಕೊಂಡಿರೇ, ಮಾನ ತೆಗೀಬೇಡ” ಎಂದು ಗದರಿದ.

ಅವರು ಸುಮ್ಮನಾದರೆ ಇವಳು ಶುರು. ಕದಿರಪ್ಪನಿಗೆ ಮೈಯೆಲ್ಲ ಬಿಸಿಯಾಯಿತು. ಹನ್ನೊಂದು ವರ್ಷ ಅವನ ಕಿವಿಯಲ್ಲೇ ನಡೆದದ್ದು ಅವನಿಗೆ ತಿಳಿದಿರಲಿಲ್ಲ, ಆವನಿಯಿಂದ ಬಂದ ಈ ಹುಡುಗಿ ಒಂದು ಮಾತಿನಲ್ಲಿ ಹೇಳಿಬಿಟ್ಟಳು. ಮುದ್ದೆ ಆರುತ್ತದೆಂದು ಕರುವಿಗೆ ಹೇಳುವವಳು, ಮಳೆ ಬರುತ್ತೆ ಕೊಡೆ ಬೇಕೇನೋ ಎಂದು ಗೋಡೆಗೆ ಹೇಳುವವಳು, ಕಾಗದ ಹರಿದಳೆಂದು ಯಾರಿಗೆ ಹೇಳುತ್ತಿದ್ದಳು? ತೂಕಡಿಸುವ ಗಂಗುಲಪ್ಪನಿಗಾ? ಕಿವುಡಿ ಎಂದು ಬೈಸಿಕೊಂಡೂ ದಿನಾ ಸೌಂಡು ಜಾಸ್ತಿ ಮಾಡುತ್ತಿದ್ದದ್ದು ಯಾರಿಗೆ? ಬಾಯಿ ಕಮ್ಮಿ ಮಾಡಿಸು ಎಂದು ಹೇಳಿಕಳಿಸಿದ ಮೇಲೂ, ನಾಲ್ಕು ದಿನ ಅವನು ಅನ್ನ ಸೇರದೆ ಎದ್ದು ಹೋದದ್ದನ್ನು ಕಂಡು, ಐದನೇ ದಿನ ಕಿಟಕಿಯ ಬುಡಕ್ಕೆ ಬಂದು ಕೂತದ್ದು ಗಾಳಿಗಲ್ಲ. ತಾನು ನಡುಮನೆ ಬಿಟ್ಟುಕೊಟ್ಟೆ ಎಂದು ಮೀಸೆ ತಿರುವಿಕೊಂಡು ಕೂತಿದ್ದಾಗ ಅವಳು ಆ ನಡುಮನೆಯನ್ನು ದಿನಾ ಜಗಲಿಗೆ ತಂದು ಹಾಕುತ್ತಿದ್ದಳು. ಅದನ್ನು ವದರುವುದು ಅಂದಿದ್ದ ತಾನು. ನಾಚಿಕೆಯಿಂದ ಕತ್ತು ಬಗ್ಗಿತು. ಈಗಲೂ ಅವಳು ಒಂದೇ ಒಂದು ಮಾತು, ‘ಭಾವನೋರಿಗೆ’ ಎಂದು ಅಂದಿದ್ದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು, ಅನ್ನಲಿಲ್ಲ. ಅಂದರೆ ಯಜಮಾನ ಕದ್ದು ಕೇಳುತ್ತಾನೆಂದು ಊರಿಗೆಲ್ಲ ಗೊತ್ತಾಗುತ್ತದೆ. ಅವನ ಮರ್ಯಾದೆಗೆ ಅವಳು ನಗೆಪಾಟಲಾಗಿ ಕೂತಿದ್ದಳು. ಈ ಮನೆ ಒಡೆಯದೆ ನಿಂತದ್ದು ಯಾರಿಂದ ಎಂದು ಪಂಚಾಯ್ತಿ ಕಟ್ಟೆಯ ಮೇಲೆ ಇಷ್ಟು ವರ್ಷ ತಾನು ಸುಳ್ಳು ಸಾಕ್ಷಿ ಹೇಳಿಕೊಂಡು ಬಂದಿದ್ದೆ ಎನ್ನಿಸಿತು. ಅದರ ಜೊತೆಗೇ, ಇಂಥ ಹೆಣ್ಣುಮಗಳು ನಮ್ಮ ಮನೆಯವಳು ಎಂಬ ಹೆಮ್ಮೆ ನಾಚಿಕೆಯನ್ನು ಒತ್ತಿಕೊಂಡು ಮೇಲೆ ಬಂತು.

ಒಳಗೆ ಕೊಳಲು ನಿಂತು ನಗಾರಿ ಶುರುವಾಗಿತ್ತು. ಹೆಂಗಸರು ಒಮ್ಮೆಲೇ ‘ಅಯ್ಯೋ’ ಅಂದರು. ಏನಾಯಿತು? ಕತ್ತು ತಿರುಗಿಸಿದರೆ ಸಾಕು, ಕಿಟಕಿ ಬೆನ್ನಿಗೇ ಇದೆ, ಕತ್ತಲಲ್ಲಿ ಯಾರೂ ಗಮನಿಸುವುದಿಲ್ಲ. ಒಂದು ಸಲ ತಿರುಗಿಬಿಟ್ಟರೆ ಕೊನೆಯೂ ಸಿಗುತ್ತದೆ, ಶ್ರೀವಾಣಿಯ ಮುಖವೂ ಸಿಗುತ್ತದೆ. ಮರ್ಯಾದೆಗೂ ಏನೂ ಆಗುವುದಿಲ್ಲ. ಕಿಟಕಿಯ ಬುಡದಲ್ಲಿ ತುಟಿ ಕಚ್ಚಿ ಕೂತವಳು ಹಾಗೇ ಕೂತಿರುತ್ತಾಳೆ, ಅಷ್ಟೇ. ಅವಳ ಹನ್ನೊಂದು ವರ್ಷದ ಮಾತು ನಗೆಯಲ್ಲೇ ಮುಗಿದುಹೋಗುತ್ತದೆ. ಕದಿರಪ್ಪ ತಿರುಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಬೀದಿಯನ್ನೇ ನೋಡುತ್ತಾ, ಪಂಚಾಯ್ತಿಯಲ್ಲಿ ಕೊನೆಯ ಮಾತು ಹೇಳುವ ದನಿಯಲ್ಲಿ ಕೂಗಿದ.

“ಅಮ್ಮಾ, ಭಾರತಮ್ಮ.”

ಇಪ್ಪತ್ತನಾಲ್ಕು ವರ್ಷದಲ್ಲಿ ಅವಳ ಹೆಸರು ಅವನ ಬಾಯಲ್ಲಿ ಬಂದಿರಲಿಲ್ಲ. ಗಂಗುಲಪ್ಪನ ಕುರ್ಚಿ ಕಿರ್ ಎಂದಿತು.

“ನಿಲ್ಲಿಸ್ಬೇಡಮ್ಮ. ಇವ್ರಿಗೆಲ್ಲ ಕಣ್ಣೈತೆ, ನಂಗೆ ಇಲ್ಲಿಂದ ಕಾಣಲ್ಲ. ಹನ್ನೊಂದು ವರ್ಷ ನಿನ್ನ ಬಾಯಲ್ಲೇ ಕೇಳಿದೀನಿ, ಕೊನೇದೂ ನಿನ್ನ ಬಾಯಲ್ಲೇ ಆಗ್ಲಿ. ಏನ್ ಮಾಡ್ತಾ ಅವ್ಳೆ ಶ್ರೀವಾಣಿ?”

ಬೀದಿಯಲ್ಲಿ ಹಾಲಿನ ಕ್ಯಾನು ಕಟ್ಟಿದ ಒಂದು ಬೈಕು ನಿಧಾನವಾಗಿ ನಿಂತಿತು, ಅದರ ಮೇಲೆ ಸುರೇಶನೇ ಇದ್ದ. ಕದಿರಪ್ಪ ಅವನನ್ನು ನೆಟ್ಟಗೆ ನೋಡಿದ. ಸುರೇಶ ಬೈಕಿನಿಂದ ಇಳಿದು ನಿಂತುಕೊಂಡ. ಒಳಗೆ ಬಳೆಯ ಸದ್ದಾಯಿತು, ದೊಡ್ಡಗಂಗಮ್ಮ ತಗ್ಗಿದ ದನಿಯಲ್ಲಿ, “ಹೇಳೇ ತಾಯಿ, ನಿಮ್ಮ ಭಾವ ಕೇಳ್ತಾ ಅವ್ರೆ” ಅಂದಳು. ಭಾರತಮ್ಮ ಶುರು ಮಾಡಿದಳು. ಮೊದಲ ಮಾತು ನಡುಗಿತು. ಎರಡನೆಯದಕ್ಕೆ ದನಿ ಗಟ್ಟಿಯಾಯಿತು. ಅದು ಗೋಡೆಗೆ ಹೇಳುವ ದನಿಯಾಗಿರಲಿಲ್ಲ, ಬೀದಿಗೆಲ್ಲ ಕೇಳುತ್ತಿತ್ತು.

“ಹೊಸಿಲ ಹತ್ರ ನಿಂತವ್ಳೆ, ಭಾವ. ಗಂಡ ಅಡ್ಡ ನಿಂತವ್ನೆ. ಕೈ ಮುಗೀತಾ ಅವ್ನೆ. ಅವ್ಳು ಏನೂ ಅನ್ನಲಿಲ್ಲ, ಅವ್ನ ಕೈ ಪಕ್ಕಕ್ಕೆ ಸರಿಸಿದ್ಲು.”

“ಅತ್ತೆ?”

“ಅತ್ತೆ ಎದ್ದು ನಿಂತವ್ಳೆ, ಭಾವ. ಈ ಹನ್ನೊಂದು ವರ್ಷದಲ್ಲಿ ಸೊಸೆಗೆ ಎದ್ದು ನಿಂತಿರಲಿಲ್ಲ, ಇವತ್ತು ನಿಂತವ್ಳೆ.”

“ಆಮೇಲೆ?”

“ಆಚೆ ಬಂದ್ಲು. ಬಿಸಿಲೈತೆ. ಕಾಲಲ್ಲಿ ಚಪ್ಲಿ ಇಲ್ಲ. ಅಳ್ತಾ ಇಲ್ಲ, ಭಾವ. ತಲೆ ಎತ್ಕೊಂಡು ಹೋಗ್ತಾ ಅವ್ಳೆ.”